ವಧುವಿನ ಉಡುಪಿನ ಅಂಚು
ಪ್ಯಾರಿಸ್ಸಿನ ಹೆಸರಾಂತ ವಸ್ತ್ರವಿನ್ಯಾಸಕ, ಅರವತ್ತು ದಾಟಿದ ಬ್ರಹ್ಮಚಾರಿ ಮೊಸ್ಯೂ ಗಾಸ್ಪಾರ್‌ಗೆ ಯಾವ ಉಡುಪೂ ಮೊದಲ ಸಲಕ್ಕೆ ಹಿಡಿಸಿದ್ದಿಲ್ಲ; ಅದರ ತೋಳು ಕಿತ್ತೆಸೆದು, "ಇದೇನು ಗೌನಾ, ಕಿಟಕಿ ಪರದೆನಾ?" ಎಂದು ಕೂಗಾಡಿ, ತಮ್ಮ ನಾಯಿಯನ್ನು ಅಪ್ಪಿಕೊಂಡು ಸೋಫಾದ ಮೇಲೆ ಬೀಳುತ್ತಾರೆ. ಪಿನ್ನು ರೂಪದರ್ಶಿಗೆ ಚುಚ್ಚಿದರೆ ಚೀರುವುದು ಅವರೇ. ಪ್ರತಿ ಫ್ಯಾಷನ್ ಪ್ರದರ್ಶನದ ಕೊನೆಗೆ ಬರುವ ವಧುವಿನ ಉಡುಪಿನ ಅಂಚಿನೊಳಗೆ ತಮ್ಮದೊಂದು ಕೂದಲೆಳೆ ಸೇರಿಸಿ ಹೊಲಿದರೆ ಬೇಗ ಮದುವೆಯಾಗುತ್ತದೆಂದು ಅವರ ಹೊಲಿಗೆಮನೆಯ ಹುಡುಗಿಯರ ನಂಬಿಕೆ. "ಕೂದಲು ಸಿಕ್ತೋ, ಅವಳನ್ನ ಅವತ್ತೇ ಮನೆಗೆ ಕಳಿಸ್ತೀನಿ! ನಾನೇನು ಮದುವೆ ದಲ್ಲಾಳಿನಾ?" ಎಂದು ಮೊಸ್ಯೂ ಗುಡುಗುತ್ತಾರೆ. ಹುಡುಗಿಯರ ಕೆಲಸ ಉಳಿಸಲೆಂದೇ ಹಿರಿಯ ಹೊಲಿಗೆಯಾಕೆ ಸೋಲಾಂಜ್ ಪ್ರದರ್ಶನದ ಬೆಳಿಗ್ಗೆ ಅಂಚು ಬಿಚ್ಚಿ ನೋಡುತ್ತಾಳೆ. ಈ ಸಲ ಒಂದು ಕೂದಲು ಸಿಕ್ಕಿತು: ತುದಿಗೆ ಕಡುಗಪ್ಪು ಬಣ್ಣ ಹಚ್ಚಿತ್ತು, ಬುಡ ಪೂರಾ ಬಿಳಿ. ಹುಡುಗಿಯರಲ್ಲಿ ಯಾರಿಗೂ ಇನ್ನೂ ನರೆತಿರಲಿಲ್ಲ. "ಏನಾದ್ರೂ ಸಿಕ್ತೇನಮ್ಮಾ?" ಬಾಗಿಲಲ್ಲಿ ನಿಂತ ಮೊಸ್ಯೂ ಎಂದೂ ಇಲ್ಲದಷ್ಟು ಮೆಲ್ಲಗೆ ಕೇಳಿದರು. "ಏನೂ ಇಲ್ಲ, ಮೊಸ್ಯೂ" ಎಂದು ಸೋಲಾಂಜ್ ಕೂದಲನ್ನು ಅಲ್ಲೇ ಬಿಟ್ಟು, ಅಂಚನ್ನು ಮತ್ತೆ ಬಿಗಿಯಾಗಿ ಹೊಲಿದಳು.