ಅಂಟಿನ ಡಬ್ಬಿ ಹಿಡಿದವರು

ನನ್ನ ಸೋದರಮಾವನಿಗೆ ನಾಯಿಗಳೆಂದರೆ ಅಂಥ ಪ್ರೀತಿಯೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರಾಣಿಗಳನ್ನು ಕಾಪಾಡುವ ಗುಂಪಿನಲ್ಲಿ ಎಂಟು ವರ್ಷದಿಂದ ಇದ್ದಾರೆ ಎಂದೊಡನೆ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ಮಾವನಿಗೆ ಪ್ರೀತಿ ಇದ್ದದ್ದು ಅಕ್ಷರಗಳ ಮೇಲೆ. ಅವರು ಬೋರ್ಡ್ ಬರೆಯುವವರು.

ಅವರ ಕೆಲಸದ ಕೋಣೆ ಮನೆಯ ಮುಂಭಾಗದಲ್ಲೇ ಇತ್ತು. ಬಾಗಿಲು ತೆರೆದರೆ ಟರ್ಪೆಂಟೈನ್ ವಾಸನೆ, ಹಾಲಿನ ಪುಡಿಯ ಹಳೇ ಡಬ್ಬಿಗಳಲ್ಲಿ ತಲೆ ಮೇಲೆ ಮಾಡಿ ನಿಂತ ಕುಂಚಗಳು, ಗೋಡೆಗೆ ಒರಗಿಸಿದ ಅರ್ಧ ಬರೆದ ತಗಡುಗಳು. ಫ್ಲೆಕ್ಸ್ ಬಂದ ಮೇಲೂ ಅಂಗಡಿಯ ಷಟರು, ನೀರಿನ ಟ್ಯಾಂಕು, ಶಾಲೆಯ ಗೋಡೆ ಅವರ ಪಾಲಿಗೆ ಉಳಿದಿದ್ದವು. ಕೆಲಸವಿಲ್ಲದ ದಿನ ಬೇರೆಯವರು ಬರೆದ ಬೋರ್ಡುಗಳನ್ನು ನೋಡಿ ಬೇಜಾರು ಮಾಡಿಕೊಳ್ಳುತ್ತಿದ್ದರು. ಅವರ ಜೊತೆ ರಸ್ತೆಯಲ್ಲಿ ಹೋಗುವುದೆಂದರೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು.

"ಆ ಒತ್ತಕ್ಷರ ನೋಡು, ಹೇಗೆ ನೇತಾಡ್ತಿದೆ. ಅದು ಅಮ್ಮನ ಕಾಲ ಹತ್ರ ಕೂತ ಮಗು ಥರ ಇರಬೇಕು. ಇವನು ಮಗೂನ ಬಸ್ಸಿಂದ ಹೊರಗೆ ತಳ್ಳಿದ್ದಾನೆ," ಎನ್ನುತ್ತಿದ್ದರು.

ಅತ್ತೆಯ ದೂರು ಹಳೆಯದು. "ಮದುವೆಯಾದ ಹೊಸದರಲ್ಲಿ ಇವರಿಗೊಂದು ಕಾಗದ ಬರೆದಿದ್ದೆ ಕಣೇ. ಅದರಲ್ಲಿ ಏನಿತ್ತು ಅಂತ ಇವತ್ತಿನವರೆಗೂ ಮಾತಾಡಿಲ್ಲ. 'ಸಾಲೆಲ್ಲ ಮೇಲಕ್ಕೆ ಹೋಗಿದೆ' ಅಂದ್ರು, ಅಷ್ಟೇ. ಆವತ್ತಿಂದ ನಾನು ಸಾಮಾನಿನ ಚೀಟೀನೂ ಬರೆಯಲ್ಲ, ಬಾಯಲ್ಲೇ ಹೇಳ್ತೀನಿ."

ಗುಂಪು ನಡೆಯುತ್ತಿದ್ದದ್ದು ದನದ ಆಸ್ಪತ್ರೆಯ ಹಿಂದಿನ ಎರಡು ಕೋಣೆಗಳಲ್ಲಿ. ಅದನ್ನು ಕಟ್ಟಿದವರು ನಿವೃತ್ತ ಹೆಡ್‌ಮೇಡಂ. ಊರಿಗೆಲ್ಲ ಅವರು ಟೀಚರಮ್ಮ. ಆಸ್ಪತ್ರೆಯ ಕಾಂಪೌಂಡರ್ ಅವರ ಬಲಗೈ. ರಸ್ತೆಯಲ್ಲಿ ಪೆಟ್ಟಾದ ನಾಯಿ, ಬೆಕ್ಕುಗಳನ್ನು ತಂದು ವಾಸಿಮಾಡುವುದು ಅವರ ಕೆಲಸದಲ್ಲಿ ಅರ್ಧ ಮಾತ್ರ. ಉಳಿದರ್ಧ ಸಾಕಿದವರಿಗಾಗಿ. ಮನೆಯವರು ಆಸ್ಪತ್ರೆ ಸೇರಿದರೆ ಅವರ ಬೆಕ್ಕನ್ನು ಹದಿನೈದು ದಿನ ಇಟ್ಟುಕೊಳ್ಳುವುದು, ಔಷಧಿಗೆ ಕೈಸಾಗದವರಿಗೆ ಔಷಧಿ ಕೊಡುವುದು, ಬಾಡಿಗೆ ಮನೆಯ ಯಜಮಾನ ನಾಯಿ ಬೇಡವೆಂದು ಕೂಗಾಡಿದರೆ ಹೋಗಿ ಅವನ ಜೊತೆ ಕೂತು ಟೀ ಕುಡಿದು ಬರುವುದು. "ಇದ್ದ ಮನೇಲೇ ಇರೋ ಹಾಗೆ ಮಾಡಿದ್ರೆ ಬೀದಿಗೆ ಬರೋದೇ ಇಲ್ಲ," ಎಂಬುದು ಟೀಚರಮ್ಮನ ಲೆಕ್ಕ.

ಮಾವ ಅಲ್ಲಿಗೆ ಹೋದದ್ದು ಬೋರ್ಡ್ ಬರೆಯಲು. ಅಕ್ಷರದ ಗಾತ್ರದ ಬಗ್ಗೆ ಟೀಚರಮ್ಮನ ಜೊತೆ ಎರಡು ದಿನ ಜಗಳವಾಡಿ, ಮೂರನೆಯ ದಿನದಿಂದ ಅಲ್ಲಿಯವರೇ ಆಗಿಬಿಟ್ಟರು. ನಾಯಿಯನ್ನು ಮುಟ್ಟಿದವರಲ್ಲ, ಸ್ನಾನ ಮಾಡಿಸಿದವರಲ್ಲ. ಅವರದು ಪೋಸ್ಟರ್ ವಿಭಾಗ.

ಪೋಸ್ಟರಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಹಿಂದೊಮ್ಮೆ ಒಳ್ಳೇ ಜಾತಿಯ ನಾಯಿಯೊಂದು ಸಿಕ್ಕಾಗ ಫೋಟೋ ಹಾಕಿದ್ದರು. ಯಾರೋ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದು, ನಮ್ಮದೇ ಎಂದು ಕಣ್ಣೀರು ಹಾಕಿ ಕರೆದುಕೊಂಡು ಹೋದರು. ನಿಜವಾದ ಮನೆಯವರು ಬಂದದ್ದು ಮರುದಿನ. ಅಂದಿನಿಂದ ಪೋಸ್ಟರಿನಲ್ಲಿ ಫೋಟೋ ಇಲ್ಲ, ಬಣ್ಣದ ಮಾತಿಲ್ಲ, ಗಂಡೋ ಹೆಣ್ಣೋ ಎಂಬುದೂ ಇಲ್ಲ. ಗುರುತನ್ನು ಬಂದವರೇ ಹೇಳಬೇಕು. ಹದಿನೈದು ದಿನದೊಳಗೆ ಯಾರೂ ಬಾರದಿದ್ದರೆ, ಕೇಳಿದವರಿಗೆ ಸಹಿ ಹಾಕಿಸಿಕೊಂಡು ಕೊಡುವುದು.

ಇಡೀ ಹಾಳೆ ತಮ್ಮ ಅಕ್ಷರಕ್ಕೇ ಉಳಿಯಿತೆಂದು ಮಾವನಿಗೆ ಒಳಗೊಳಗೇ ಖುಷಿ. "ನಾಯಿ ಸಿಕ್ಕಿದೆ" ಎಂದು ದಪ್ಪಗೆ, ಕೆಂಪಿನಲ್ಲಿ, ಕಪ್ಪು ನೆರಳು ಕೊಟ್ಟು ಬರೆಯುತ್ತಿದ್ದರು. ಕೆಳಗೆ ಸಣ್ಣದಾಗಿ, "ನಿಮ್ಮದಾದರೆ ಗುರುತು ಹೇಳಿ ಕರೆದುಕೊಂಡು ಹೋಗಿ. ದನದ ಆಸ್ಪತ್ರೆಯ ಹಿಂದಿನ ಕೋಣೆ, ಸಂಜೆ ನಾಲ್ಕರಿಂದ ಆರು."

ಆ ಸಲ ಸಿಕ್ಕದ್ದು ಒಂದು ಮಣ್ಣುಬಣ್ಣದ ಹೆಣ್ಣುನಾಯಿ. ಸ್ಕೂಟರ್ ತಾಗಿ ಹಿಂಗಾಲು ಮುರಿದಿತ್ತು. ಕಾಂಪೌಂಡರ್ ಕಾಲಿಗೆ ಪಟ್ಟಿ ಕಟ್ಟಿದ. ಮಾವ ಏಳು ಪೋಸ್ಟರ್ ಬರೆದು, ಒಂದು ಸ್ಟೂಲು, ಮೈದಾ ಅಂಟಿನ ಡಬ್ಬಿ ಹಿಡಿದುಕೊಂಡು ಬೆಳಿಗ್ಗೆ ಹೊರಟರು. ಕೊನೆಯದು ಮಾರುಕಟ್ಟೆಯ ಮೂಲೆಯ ಗೋಡೆಗೆ. ಅಲ್ಲಿ ಸ್ಟೂಲು ಅಲ್ಲಾಡುತ್ತಿತ್ತು. ಆ ಬೀದಿ ಗುಡಿಸುವ ಹೆಂಗಸು, ಐವತ್ತರ ಆಸುಪಾಸಿನವರು, ಪೊರಕೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದರು.

"ಡಬ್ಬಿ ಇತ್ತ ಕೊಡಿ ಅಣ್ಣ, ನಾನು ಹಿಡ್ಕೋತೀನಿ. ಬಿದ್ದುಗಿದ್ದೀರ."

ಮಾವ ಪೋಸ್ಟರ್ ಅಂಟಿಸಿ, ಬಟ್ಟೆಯಿಂದ ಒತ್ತಿ, ಇಳಿದು ಹಿಂದೆ ಸರಿದು ನೋಡಿದರು. ಆಕೆಯೂ ನೋಡಿದರು.

"ಎಷ್ಟು ದುಂಡಗಿದೆ ಅಣ್ಣ! ಮುತ್ತು ಜೋಡಿಸಿದ ಹಾಗೆ."

ಅಷ್ಟು ಸಾಕಾಯಿತು. ಮಾವ ನೆರಳನ್ನು ಯಾಕೆ ಎಡಕ್ಕೇ ಕೊಡಬೇಕು, ಕುಂಚವನ್ನು ಎಲ್ಲಿ ತಿರುಗಿಸಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂದು ಹತ್ತು ನಿಮಿಷ ವಿವರಿಸಿದರು. ಆಕೆ ಅಂಟಿನ ಡಬ್ಬಿ ಹಿಡಿದೇ ಎಲ್ಲಕ್ಕೂ ತಲೆಯಾಡಿಸಿದರು. ಅವರು ತಮ್ಮ ಕೆಲಸಕ್ಕೆ ಹೋದರು, ಇವರು ಮನೆಗೆ ಬಂದರು. "ಒಂದು ಬೀದಿ ಗುಡಿಸೋ ತಾಯಿಗೆ ಗೊತ್ತಾಗುತ್ತೆ, ನಿಂಗೆ ಗೊತ್ತಾಗಲ್ಲ," ಎಂದು ಅತ್ತೆಯ ಮುಂದೆ ಬೀಗಿದರಂತೆ.

ಹದಿನೈದು ದಿನ ಯಾರೂ ಬರಲಿಲ್ಲ. ಹದಿನಾರನೆಯ ದಿನ ದೊಡ್ಡಾಸ್ಪತ್ರೆಯ ನರ್ಸ್ ಒಬ್ಬರು ಬಂದು, ಪಟ್ಟಿ ಕಟ್ಟಿದ ಕಾಲನ್ನು ಪರೀಕ್ಷಿಸಿ, "ಕಟ್ಟಿರೋದು ಯಾರು? ಪರವಾಗಿಲ್ಲ," ಎಂದು ಕಾಂಪೌಂಡರನ ಮುಖ ಅರಳಿಸಿ, ಸಹಿ ಹಾಕಿ ನಾಯಿಯನ್ನು ಕರೆದುಕೊಂಡು ಹೋದರು.

ಅಂಟಿಸಿದ ಪೋಸ್ಟರನ್ನು ಅಂಟಿಸಿದವರೇ ಕೀಳಬೇಕೆಂಬುದೂ ಗುಂಪಿನ ನಿಯಮ. ಇಪ್ಪತ್ತನೆಯ ದಿನ ಮಾವ ಒದ್ದೆಬಟ್ಟೆ ಹಿಡಿದು ಮಾರುಕಟ್ಟೆಯ ಮೂಲೆಗೆ ಬಂದಾಗ ಆಕೆ ಅಲ್ಲೇ ಗುಡಿಸುತ್ತಿದ್ದರು.

"ಯಾಕಣ್ಣ ಕೀಳ್ತೀರ? ಗುಡಿಸೋವಾಗ ಕಣ್ಣಿಗೆ ಚೆಂದ ಇತ್ತು. ಯಾವ ಅಂಗಡೀದು ಅದು?"

"ಅಂಗಡೀದಲ್ಲಮ್ಮ. ಒಂದು ನಾಯಿ ಸಿಕ್ಕಿತ್ತು. ಅದರ ಮನೆಯವರು ಬರಲೇ ಇಲ್ಲ."

ಪೊರಕೆಯ ಸದ್ದು ನಿಂತಿತು.

"ಯಾವ ನಾಯಿ?"

ಮಾವನ ಬಾಯಿಂದ ಬಂದದ್ದು ಅಭ್ಯಾಸದ ಮಾತು. "ಗುರುತು ನೀವೇ ಹೇಳಬೇಕು."

"ಮಣ್ಣುಬಣ್ಣ. ಎಡಗಿವಿ ತುದಿ ಹರಿದಿದೆ, ಮರಿಯಾಗಿದ್ದಾಗ ಬೆಕ್ಕು ಪರಚಿದ್ದು. ಮುಂದಿನ ಒಂದು ಕಾಲು ಬಿಳಿ, ಹಾಲಲ್ಲಿ ಅದ್ದಿದ ಹಾಗೆ." ಆಕೆ ಪೊರಕೆ ಕೆಳಗಿಟ್ಟರು. "ಕಸದ ಮೊರ ಬಡಿದ್ರೆ ಎಲ್ಲಿದ್ರೂ ಓಡಿ ಬರ್ತಾಳೆ. ಮೊದಲೆರಡು ದಿನ, ತಿರುಗೋಕೆ ಹೋಗಿದಾಳೆ, ಬರ್ತಾಳೆ ಅಂದ್ಕೊಂಡೆ. ಆಮೇಲೆ ಕೆಲಸ ಮುಗಿಸಿ ಎಲ್ಲ ಬೀದೀಲೂ ಮೊರ ಬಡ್ಕೊಂಡು ತಿರುಗಿದೀನಿ ಅಣ್ಣ. ಅವಳ ಹೆಸರು ಧೂಳಿ ಅಂತ."

ಎಲ್ಲ ಗುರುತೂ ಸರಿಯಾಗಿತ್ತು. ಆಕೆ ಇಪ್ಪತ್ತು ದಿನ ತಮ್ಮ ನಾಯಿಯ ಸುದ್ದಿಯ ಕೆಳಗೇ ಗುಡಿಸಿದ್ದರು. ಅದನ್ನು ಅಂಟಿಸಲು ಅಂಟಿನ ಡಬ್ಬಿಯನ್ನೂ ಹಿಡಿದಿದ್ದರು. ಮಾವ ಒದ್ದೆಬಟ್ಟೆಯನ್ನು ಎರಡು ಕೈಯಲ್ಲೂ ಹಿಂಡುತ್ತ ನಿಂತರಂತೆ. "ಬದುಕಿದೆ ಅಮ್ಮ, ಚೆನ್ನಾಗಿದೆ. ಆದ್ರೆ ಬೇರೆಯವರಿಗೆ ಕೊಟ್ಟುಬಿಟ್ಟಿದೀವಿ," ಎಂದರಂತೆ.

ಆ ಸಂಜೆ ಹಿಂದಿನ ಕೋಣೆಯಲ್ಲಿ ಎಲ್ಲರೂ ಸೇರಿದೆವು, ಮಾವನ ಜೊತೆ ನಾನೂ ಹೋಗಿದ್ದೆ. ಟೀಚರಮ್ಮ ಸಹಿಯಾದ ಕಾಗದವನ್ನು ಮುಂದಿಟ್ಟುಕೊಂಡು ಕನ್ನಡಕ ತೆಗೆದು ಒರೆಸಿದರು. "ಕೊಟ್ಟಾಗಿದೆ. ವಾಪಸ್ ಕೊಡಿ ಅನ್ನೋ ಹಕ್ಕು ನಮಗಿಲ್ಲ. ಕೇಳ್ಕೋಬಹುದು, ಅಷ್ಟೇ."

"ಆಕೆಗೆ ಬೇರೆ ನಾಯಿ ಕೊಟ್ರೆ ಆಯ್ತಪ್ಪ, ಇಲ್ಲೇ ನಾಲ್ಕಿವೆ," ಎಂದ ಕಾಂಪೌಂಡರ್.

"ನಿನ್ನ ತಮ್ಮ ಕಳೆದುಹೋದ್ರೆ ನನ್ನ ತಮ್ಮನ್ನ ಕಳಿಸ್ಲೇನೋ?" ಎಂದರು ಟೀಚರಮ್ಮ.

"ನಿಮ್ಮ ತಮ್ಮ ಮನೆಕೆಲಸ ಮಾಡ್ತಾರೆ ಅಂದ್ರೆ ಕಳಿಸಿ."

ಮಾವ ನಗಲಿಲ್ಲ. ಟೀಚರಮ್ಮ ನಿಯಮಗಳ ಪುಸ್ತಕ ತೆಗೆದು ಒಂದು ಸಾಲು ಸೇರಿಸಿದರು: ಪೋಸ್ಟರ್ ಅಂಟಿಸಿದವರು ಅಲ್ಲಿದ್ದವರಿಗೆಲ್ಲ ಅದನ್ನು ಓದಿ ಹೇಳಬೇಕು. ನಲವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವರಿಗೆ ಈ ಸಾಲು ಇಷ್ಟು ತಡವಾಗಿ ಹೊಳೆಯಿತಲ್ಲ ಎಂಬ ಸಂಕೋಚ ಅವರ ಮುಖದಲ್ಲಿತ್ತು. ಆದರೆ ಅದರಿಂದ ಧೂಳಿ ಮನೆಗೆ ಬರುವ ಹಾಗಿರಲಿಲ್ಲ.

ಮರುದಿನ ಮಾವ, ಆ ಹೆಂಗಸು, ನಾನು ಮೂವರೂ ನರ್ಸ್ ಮನೆಗೆ ಹೋದೆವು. ಎರಡನೇ ಮಹಡಿಯ ಸಣ್ಣ ಮನೆ. ಕಿಟಕಿಯ ಕೆಳಗೆ ಹಳೇ ರಜಾಯಿ ಮಡಿಸಿ ಹೊಲಿದ ಹಾಸಿಗೆ, ಪಕ್ಕದಲ್ಲಿ ಸ್ಟೀಲಿನ ಬಟ್ಟಲು. ವಿಷಯ ಕೇಳಿ ನರ್ಸ್ ಸೊಂಟದ ಮೇಲೆ ಕೈಯಿಟ್ಟರು.

"ಇವತ್ತು ಕೊಡ್ತೀರ, ನಾಳೆ ವಾಪಸ್ ಅಂತೀರ. ಇದೇನು ಲೈಬ್ರರಿ ಪುಸ್ತಕಾನಾ? ನಾನು ರಜ ಹಾಕಿ ನೋಡ್ಕೊಂಡಿದೀನಿ. ರಾಣಿ ಅಂದ್ರೆ ಈಗ ತಿರುಗಿ ನೋಡ್ತಾಳೆ."

ಒಳಗಿನಿಂದ ನಾಯಿ ಕುಂಟುತ್ತ ಬಂತು. ಗುಡಿಸುವ ಹೆಂಗಸಿನ ಸೀರೆಯಂಚನ್ನು ಮೂಸಿ, ಸಣ್ಣಗೆ ಕುಂಯ್‌ಗುಟ್ಟಿ, ಪಾದದ ಮೇಲೆ ತಲೆಯಿಟ್ಟಿತು. ನಮಗೆಲ್ಲ ಸಮಾಧಾನವಾಗುವಷ್ಟರಲ್ಲಿ ಎದ್ದು ಹೋಗಿ ನರ್ಸ್ ಕೈಯನ್ನೂ ಅಷ್ಟೇ ಪ್ರೀತಿಯಿಂದ ನೆಕ್ಕಿತು. ತೀರ್ಮಾನ ನಾಯಿಯದಲ್ಲ, ನಮ್ಮದೇ ಎಂದಾಯಿತು.

ಆಕೆ ಹಾಸಿಗೆ ನೋಡಿದರು, ಬಟ್ಟಲು ನೋಡಿದರು, ಕಾಲಿನ ಬಿಳಿಪಟ್ಟಿಯನ್ನು ಬೆರಳಿನಿಂದ ಮೆಲ್ಲಗೆ ಸವರಿದರು. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದರು.

"ಇರ್ಲಿ ಬಿಡಿ ಅಕ್ಕಾವ್ರೆ. ಇಲ್ಲಿ ಸುಖವಾಗಿದಾಳೆ. ನಾನೇ ತಪ್ಪು ಮಾಡ್ದೆ, ಕಣ್ಣೆದುರಿಗೇ ಇದ್ರೂ ತಿಳೀಲಿಲ್ಲ. ಓದು ಬರಲ್ಲ ಅನ್ನೋಕೆ ನಾಚಿಕೆ ಆಗಿ ಸುಮ್ಮನಿದ್ದೆ."

ಆಕೆ ಬಾಗಿಲ ಕಡೆ ತಿರುಗಿದರು. ಮಾವ ಅಡ್ಡ ನಿಂತರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಇಲ್ಲಮ್ಮ. ನೀವು ಡಬ್ಬಿ ಹಿಡ್ಕೊಂಡು ಹತ್ತು ನಿಮಿಷ ನಿಂತಿದ್ರಿ. ನಾನು ನೆರಳಿನ ಬಗ್ಗೆ ಮಾತಾಡ್ದೆ. ನಾಯಿ ಅನ್ನೋ ಒಂದೇ ಒಂದು ಮಾತು ಆಡಲಿಲ್ಲ. ನನ್ನ ತಪ್ಪಿಗೆ ನೀವು ನಾಯಿ ಬಿಟ್ಟುಕೊಡಬೇಡಿ." ಆಮೇಲೆ ನರ್ಸ್ ಕಡೆ ತಿರುಗಿ, "ಮೇಡಂ, ನಿಮಗೂ ಅನ್ಯಾಯಾನೇ. ಬೈಯೋದಿದ್ರೆ ನನಗೆ ಬೈಯಿರಿ," ಎಂದರು.

ನರ್ಸ್ ಬೈಯಲಿಲ್ಲ. ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು, ಲೋಟ ತೊಳೆದ ಸದ್ದು ಕೇಳಿಸಿತು. ತೊಳೆಯಬೇಕಾದ ಲೋಟಗಳು ಅಷ್ಟೇನೂ ಇದ್ದಿರಲಾರವು. ಹಿಂದಿರುಗಿದಾಗ ಕೈಯಲ್ಲಿ ಮಾತ್ರೆಯ ಎರಡು ಕಾಗದದ ಲಕೋಟೆಗಳಿದ್ದವು.

"ಪ್ರತಿ ಬುಧವಾರ, ಭಾನುವಾರ ಪಟ್ಟಿ ಬದಲಾಯಿಸಬೇಕು. ಇಲ್ಲಿಗೇ ಕರ್ಕೊಂಡು ಬನ್ನಿ. ಬರದಿದ್ರೆ ನಾನೇ ಬಂದು ಎತ್ಕೊಂಡು ಬರ್ತೀನಿ, ಹೇಳಿದೀನಿ." ಆಕೆ ತಲೆಯಾಡಿಸಿದರು. ನರ್ಸ್ ಪೆನ್ನು ತೆಗೆದು ಒಂದರ ಮೇಲೆ ಸೂರ್ಯನನ್ನು, ಇನ್ನೊಂದರ ಮೇಲೆ ಅರ್ಧಚಂದ್ರನನ್ನು ಬರೆದರು. "ಇದು ಬೆಳಿಗ್ಗೆ, ಇದು ರಾತ್ರಿ. ತಿಳೀತಾ?"

"ತಿಳೀತು ಅಕ್ಕಾವ್ರೆ."

ಎರಡು ಗೀಟಿನ ಸೂರ್ಯ. ದುಂಡಗೂ ಇರಲಿಲ್ಲ. ಮಾವ ಅದನ್ನೇ ನೋಡುತ್ತಿದ್ದರು.

ಮೆಟ್ಟಿಲಿನಲ್ಲಿ ನಾಯಿಯನ್ನು ಆಕೆ ಎತ್ತಿಕೊಂಡರು, ಹಾಸಿಗೆಯನ್ನು ನಾನು. ನರ್ಸ್ ಬಾಗಿಲಲ್ಲೇ ನಿಂತಿದ್ದರು. "ರಾಣಿ" ಎನ್ನಲು ಹೋಗಿ, ತಡೆದು, "ಧೂಳೀ, ಹುಷಾರು," ಎಂದು ಒಳಗೆ ಹೋದರು.

ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಬರುವಾಗ ಆಕೆ ನಾಯಿಯನ್ನು ಕೆಳಗಿಳಿಸಿ, ಅದರ ಕುಂಟು ನಡಿಗೆಗೆ ಸರಿಯಾಗಿ ನಿಧಾನ ನಡೆದರು. ಉದ್ದನೆಯ ಒಂದು ಗೋಡೆಯ ಮುಂದೆ ನಿಂತರು. ಆಳೆತ್ತರದ ನೀಲಿ ಅಕ್ಷರಗಳು, ಮಾವನದೇ ಕೈ.

"ಅಣ್ಣ, ಇದೂ ನಿಮ್ಮದೇ ಅಲ್ವಾ? ಏನು ಬರೆದಿರೋದು?"

ಮಾವ ಗಂಟಲು ಸರಿಮಾಡಿಕೊಂಡು, ಬೆರಳಿಟ್ಟು ಒಂದೊಂದೇ ಪದ ಓದಿದರು. "ಇಲ್ಲಿ ಕಸ ಹಾಕಬಾರದು."

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಅಣ್ಣ! ದಿನಾ ಇದರ ಬುಡದಲ್ಲೇ ಎರಡು ಬುಟ್ಟಿ ಎತ್ತುತೀನಿ. ಓದು ಬರೋರೆಲ್ಲ ಇಲ್ಲೇ ತಂದು ಹಾಕ್ತಾರಲ್ಲ!"

ಮಾವನಿಗೂ ನಗು ತಡೆಯಲಾಗಲಿಲ್ಲ. ಧೂಳಿ ಗೋಡೆಯ ಬುಡ ಮೂಸಿ, ಪಟ್ಟಿಯ ಕಾಲನ್ನು ಮೆಲ್ಲಗೆ ನೆಲಕ್ಕೆ ಊರಿ, ನಮಗಿಂತ ಮುಂದೆ ನಡೆಯಿತು.