ಹುಳದ ಮನೆಗೆ ಚಿಮುಕಿಸಿದ ತೀರ್ಥ

ನನಗೆ ದೇವರ ಮೇಲೆ ನಂಬಿಕೆ ಜಾಸ್ತಿ, ತಾಳ್ಮೆ ಕಡಿಮೆ. ಇದು ನನ್ನ ಅತ್ತೆಯ ಮಾತು. ನಾನು ಇದುವರೆಗೂ ಅಲ್ಲವೆಂದಿಲ್ಲ.

ಹನೂರು ಕಡೆಯ ನನ್ನ ತವರಿನಲ್ಲಿ ರಾಗಿ, ಜೋಳ ಬಿಟ್ಟರೆ ಬೇರೆ ಬೆಳೆಯಿರಲಿಲ್ಲ. ಈಸ್ಟರ್ ಹಬ್ಬಕ್ಕೆ ಚರ್ಚಿನಿಂದ ತಂದ ತೀರ್ಥವನ್ನು ಅಪ್ಪ ದನಗಳಿಗೆ, ಹೊಲಕ್ಕೆ, ಪಂಪ್‌ಸೆಟ್ಟಿಗೆ, ಕೊನೆಗೆ ನಮ್ಮ ತಲೆಗಳಿಗೂ ಧಾರಾಳವಾಗಿ ಚಿಮುಕಿಸುತ್ತಿದ್ದರು. ಅದರಿಂದ ಯಾವುದಕ್ಕೂ ಕೇಡಾಗಿದ್ದು ನಾನು ಕಾಣೆ. ಮದುವೆಯಾಗಿ ಯಳಂದೂರು ಪಕ್ಕದ ಈ ಊರಿಗೆ ಬಂದಾಗ ಆ ಅಭ್ಯಾಸವೂ ನನ್ನ ಜೊತೆಗೇ ಬಂತು. ಆದರೆ ಇಲ್ಲಿ ರೇಷ್ಮೆ. ಹುಳದ ಮನೆಯನ್ನು ಗಂಡ ಮತ್ತು ಅತ್ತೆ ನೋಡಿಕೊಳ್ಳುತ್ತಿದ್ದರು, ನನ್ನದು ಅಡುಗೆಮನೆ.

ಎರಡು ವರ್ಷದ ಕೆಳಗೆ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಕೊಳ್ಳೇಗಾಲದಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಮಂಚ ಹಿಡಿದರು. ಈ ಸಲ ಹುಳ ಬೇಡ ಎಂದರು ಅತ್ತೆ. "ದೇವ್ರವ್ನೆ, ನಾನಿವ್ನಿ" ಎಂದೆ ನಾನು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಪಕ್ಕದ ಬೀದಿಯ ಅಕ್ಕ ಒಬ್ಬರು ಬರತೊಡಗಿದರು. ಗಂಡನಿಲ್ಲದ, ಕೂಲಿಯಿಂದಲೇ ಮನೆ ನಡೆಸುವ ಹೆಂಗಸು. ಆಗ ಅವರಿಗೆ ದಿನವೂ ಸಿಗುತ್ತಿದ್ದದ್ದು ನಮ್ಮ ತೋಟದ ಕೆಲಸವೊಂದೇ.

ಹುಳಗಳು ನಾಲ್ಕನೇ ಸಲ ಪೊರೆ ಕಳಚಿ ಎದ್ದವು. ಆಮೇಲೆ ಒಂದು ವಾರ ಬಿಡದೆ ಮೇಯುತ್ತವೆ, ನಂತರ ಗೂಡು. ಆ ವಾರ ರೋಗ ಬಂದರೆ ಎಲ್ಲವೂ ಹೋಯಿತು. ಈಸ್ಟರ್ ಮುಗಿದು ಮೂರು ದಿನವಾಗಿತ್ತು. ಮಧ್ಯಾಹ್ನ ಅತ್ತೆ ಮಲಗಿದ್ದಾಗ ತೀರ್ಥದ ಬಾಟಲಿ ತೆಗೆದುಕೊಂಡು ಹುಳದ ಮನೆಗೆ ಹೋದೆ. ಬೇವಿನ ಕಡ್ಡಿ ಅದ್ದಿ, ಪ್ರಾರ್ಥನೆ ಹೇಳುತ್ತಾ ಒಂದು ಸುತ್ತು ಚಿಮುಕಿಸಿದೆ. ಸಾಲದೆನಿಸಿತು, ಇನ್ನೊಂದು ಸುತ್ತು ಬಂದೆ. ಬಾಗಿಲ ಪಕ್ಕದ ಸಾಲಿಗೆ ಬಂದಾಗ ಉಳಿದದ್ದನ್ನೆಲ್ಲ ಸುರಿದುಬಿಟ್ಟೆ. ಸಂಜೆ ಮಳೆ ಬಂತೆಂದು ಕಿಟಕಿಗಳನ್ನೂ ಮುಚ್ಚಿದೆವು.

ಮೂರನೇ ದಿನ ಬಾಗಿಲ ಪಕ್ಕದ ಹುಳಗಳು ಸೊಪ್ಪು ಮುಟ್ಟದೆ ಸಪ್ಪೆಯಾಗಿ ಬಿದ್ದಿದ್ದವು. ಅತ್ತೆ ಕೆಳಗಿನ ಸೊಪ್ಪನ್ನು ಎತ್ತಿ ಮೂಸಿದರು, ಒದ್ದೆಯಾಗಿ ಮುಗ್ಗಲು ಹಿಡಿದಿತ್ತು. ಒದ್ದೆ ಸೊಪ್ಪಿಗಿಂತ ದೊಡ್ಡ ಶತ್ರು ಹುಳಕ್ಕಿಲ್ಲ. ಅವರು ಸೀದಾ ಅಕ್ಕನ ಕಡೆ ತಿರುಗಿದರು.

"ಇಬ್ಬನಿ ಆರ್ದೇ ಇರೋ ಸೊಪ್ ತಂದ್ ಆಕ್ಬುಟ್ಟಿದ್ದೀಯ ಕಣಮ್ಮಿ. ನಾಳಿಂದ ಬರ್ಬ್ಯಾಡ."

ಅಕ್ಕ ಕುಡುಗೋಲು ತೆಗೆದುಕೊಂಡು ಹೊರಟರು. ಒಪ್ಪಿಕೊಂಡರೆ ನನ್ನ ಜಂಬ ಮಣ್ಣುಪಾಲು. ನನ್ನ ಭಕ್ತಿಯೂ ಊರಿಗೆಲ್ಲ ನಗೆಪಾಟಲು. ಸ್ವಾಮಿ, ಹುಳ ಉಳಿಸಪ್ಪಾ ಎಂದು ಮನಸ್ಸಿನಲ್ಲೇ ಬೇಡಿದೆ. ಬೇಡಬೇಕಾದದ್ದು ಅದಲ್ಲವೆಂದು ನನಗೇ ಗೊತ್ತಿತ್ತು. ಅಕ್ಕ ಬೇಲಿ ದಾಟುತ್ತಿದ್ದರು.

"ಅತ್ತೆ, ನೀರ್ ಉಯ್ದಿದ್ದು ನಾನು. ತೀರ್ಥ."

"ಎಷ್ಟು?"

"ಬಾಟ್ಲು ಪೂರ್ತಿ."

ಒಳಗೆ ಮಂಚದ ಮೇಲಿಂದ ಗಂಡ ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ. "ಭಕ್ತಿ ಕೊಟ್ಟ ದೇವ್ರು ಒಂಚೂರು ಬುದ್ಧೀನೂ ಕೊಟ್ಟಿದ್ರೆ ಏನಾಗ್ತಿತ್ತು?" ಎಂದು, ಬೇಲಿಯ ಕಡೆ ಕೂಗಿದರು: "ಬಾರಮ್ಮಿ, ನಂದೇ ತಪ್ಪಾಯ್ತು. ಸುಣ್ಣದ ಪುಡಿ ತಕಂಡ್ ಬಾ."

ಸತ್ತ ಹುಳಗಳನ್ನು ಗುಂಡಿಗೆ ಹಾಕಿ, ಕಿಟಕಿ ತೆರೆದು, ತೇವ ಹೀರಲೆಂದು ಮೂವರೂ ಸುಣ್ಣ ಉದುರಿಸಿದೆವು. ಬಾಗಿಲ ಪಕ್ಕದ ಸಾಲು ಹೋಯಿತು. ಉಳಿದ ಹುಳಗಳು ಮೇವು ಬಿಟ್ಟು ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟಿ ಹತ್ತಿ ಗೂಡು ಕಟ್ಟಿದವು. ನನ್ನ ದೇವರು ರೋಗದಿಂದಷ್ಟೇ ಅಲ್ಲ, ನನ್ನ ಭಕ್ತಿಯಿಂದಲೂ ನಮ್ಮನ್ನು ಕಾಪಾಡಬಲ್ಲ ಎಂಬ ಧೈರ್ಯ ನನಗೆ ಅಂದಿನಿಂದ.

ಸುಣ್ಣ ಉದುರಿಸುವಾಗಲೇ ಅಕ್ಕನನ್ನು ಕೇಳಿದ್ದೆ: "ನಿಂಗೇನೂ ಗೊತ್ತಿರ್ಲಿಲ್ವಾ ಅಕ್ಕ?"

"ಗೊತ್ತಿತ್ತು ಕಣವ್ವ. ನೀನು ಕಡ್ಡಿ ಇಡ್ಕಂಡು ಸುತ್ತೋದ ಕಿಟ್ಕೀಲಿ ನೋಡಿದ್ದೆ."

"ಮತ್ಯಾಕ್ ಏಳ್ಲಿಲ್ಲ?"

"ನಿಮ್ ದೇವ್ರ ನೀರು. ಅದ್ರಿಂದ ಹುಳ ಸತ್ತೋ ಅಂತ ನನ್ ಬಾಯಲ್ಲಿ ಎಂಗವ್ವ ಅನ್ಲಿ? ಕೂಲಿ ಇನ್ನೊಂದ್ ಕಡೆ ಸಿಕ್ತದೆ."

ಆ ಅಕ್ಕ ಒಂದು ದಿನವೂ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ನನ್ನ ದೇವರ ಮರ್ಯಾದೆ ಕಾಯಲು ಅನ್ನವನ್ನೇ ಬಿಟ್ಟು ಹೊರಟಿದ್ದರು.