ತಿಕೋಟಾ ಸಭೆ ಮತ್ತು ನನ್ನ ಕೆಂಪು ಬಾಟಲಿ

ಪ್ರಭುವಿನಲ್ಲಿ ನನ್ನವರಾದ ಎಲ್ಲರಿಗೂ ನಮಸ್ಕಾರ. ಸಾಕ್ಷಿ ಬರೆಯುವವರು ಸಾಮಾನ್ಯವಾಗಿ ಕಣ್ಣೀರಿನಿಂದ ಶುರು ಮಾಡುತ್ತಾರೆ. ನಾನು ಸಿಟ್ಟಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಕಳೆದ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ನನ್ನ ಹತ್ತಿರ ಬೇರೇನೂ ಇರಲಿಲ್ಲ. ಸಾಲಾಗಿ ಐದು ಭಾನುವಾರ ನಾವು ಗಂಡ ಹೆಂಡತಿ ವಿಜಯಪುರದಲ್ಲಿ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆವು. ಕಸ ಗುಡಿಸಿದೆವು, ಚಾಪೆ ಹಾಸಿದೆವು, ಹತ್ತು ಗಂಟೆಗೆ ಸರಿಯಾಗಿ ಹಾಡು ಎತ್ತಿದೆವು. ನಾವು ಕಟ್ಟಿದ ಸಭೆಗೆ ಒಂದು ನರಪಿಳ್ಳೆಯೂ ಬರಲಿಲ್ಲ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರಕಾರಿ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನನ್ನ ಯಜಮಾನರು ಸಮುವೇಲಪ್ಪನವರು ಪಾಸ್ಟರ್. ನಗರದ ನಮ್ಮ ಸಭೆಗೆ ಸೇರಿದ ಹದಿನಾಲ್ಕು ಮನೆಗಳು ತಿಕೋಟಾ ಸುತ್ತಮುತ್ತ ಇದ್ದವು. ಎಲ್ಲರೂ ತಲೆಮಾರಿನಿಂದ ವಿಶ್ವಾಸಿಗಳು, ಎಲ್ಲರೂ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುವವರು. ಕ್ರಿಸ್‌ಮಸ್‌ಗೊಮ್ಮೆ, ಈಸ್ಟರ್‌ಗೊಮ್ಮೆ ವಿಜಯಪುರಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಹೋಗುತ್ತಿದ್ದರು. ಇವರಿಗೆ ತಮ್ಮೂರಿನಲ್ಲೇ ಒಂದು ಸಭೆ ಯಾಕಿರಬಾರದು ಎಂದು ನಾನೇ ಹಟ ಹಿಡಿದೆ.

ಕಮಿಟಿಯವರು ಎರಡು ತಿಂಗಳು ಜಗ್ಗಾಡಿದರು. ಕೊನೆಗೆ ಹಿರಿಯರೊಬ್ಬರು ಹೇಳಿದ್ದು ಇಷ್ಟು. "ಸಭೆ ಕಟ್ಟೂದಂದ್ರ ಚಾದಂಗಡಿ ಇಟ್ಟಂಗಲ್ರಿ ಅಕ್ಕಾರ. ಈಸ್ಟರ್ ತನಕ ನೋಡೂಣು. ಜನ ನಿಲ್ಲಲಿಲ್ಲಂದ್ರ ಸುಮ್ಮ ಬಿಟ್ಟಬಿಡ್ರಿ."

ಆ ಮಾತು ನನ್ನ ಎದೆಗೆ ಮುಳ್ಳಾಯಿತು. ಸೆಪ್ಟೆಂಬರ್‌ನಲ್ಲಿ ಶುರು ಮಾಡಿದೆವು. ತಿಕೋಟಾದ ಒಬ್ಬ ಒಳ್ಳೆಯ ರೈತರು ತಮ್ಮ ಒಣದ್ರಾಕ್ಷಿ ಶೆಡ್ಡಿನ ಪಕ್ಕದ, ಪತ್ರಾಸಿನ ತಗಡು ಹೊದಿಸಿದ ಕೋಣೆಯನ್ನು ಭಾನುವಾರದ ಮಟ್ಟಿಗೆ ಬಿಟ್ಟುಕೊಟ್ಟರು. ಮೊದಲ ದಿನವೇ ಮೂವತ್ತು ಜನ. ನಾನು ಹಳೆಯ ಚಾಳಿ ಬಿಡದೆ ಒಂದು ಹಾಜರಿ ಪುಸ್ತಕ ತೆಗೆದೆ. ಹತ್ತೂಕಾಲಿಗೆ ಬಂದವರಿಗೆ ಎಲ್ಲರ ಎದುರೇ "ಯಾಕ ತಡಾ ಆತು?" ಎಂದು ಕೇಳುತ್ತಿದ್ದೆ. ಶಿಸ್ತಿಲ್ಲದೆ ಸಭೆ ನಿಲ್ಲುವುದಿಲ್ಲ ಎಂಬುದು ನನ್ನ ಸಿದ್ಧಾಂತ.

ಪ್ರತಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಯೇಸುವಿನ ರಕ್ತದ ಗುರುತೆಂದು ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುವ ರಸಕ್ಕಾಗಿ ನಾನು ಸ್ಟೇಷನ್ ರಸ್ತೆಯ ಅಂಗಡಿಯೊಂದರಿಂದ ದ್ರಾಕ್ಷಿ ಶರಬತ್ತಿನ ಕೆಂಪು ಬಾಟಲಿ ಒಯ್ಯುತ್ತಿದ್ದೆ. ನಾವು ಚಿಕ್ಕಂದಿನಿಂದ ನೋಡಿದ್ದೇ ಕೆಂಪು ರಸ. ಫೆಬ್ರುವರಿಯ ಮೊದಲ ಭಾನುವಾರ ಮಾರ್ತವ್ವ ಒಂದು ಸ್ಟೀಲ್ ಚರಿಗೆಗೆ ಬಿಳಿ ಅರಿವೆ ಕಟ್ಟಿಕೊಂಡು ಬಂದಳು. ದ್ರಾಕ್ಷಿ ಕೊಯ್ಯುವ ಹೆಣ್ಣಾಳುಗಳ ಗುಂಪಿಗೆ ಅವಳೇ ಮುಂದಾಳು. ನನ್ನಷ್ಟೇ ವಯಸ್ಸು, ನನ್ನಷ್ಟೇ ಗಟ್ಟಿ ದನಿ.

"ಅಕ್ಕಾರ, ಬಟ್ಟಲಕ್ಕ ಇವತ್ತ ಇದನ್ನ ಹಾಕ್ರಿ. ನಮ್ಮ ಕೈಲೇನ ಹಿಂಡೀವಿ," ಎಂದಳು.

ಅರಿವೆ ಬಿಚ್ಚಿ ನೋಡಿದೆ. ತಿಕೋಟಾದ ದ್ರಾಕ್ಷಿ ಹಸಿರು, ರಸವೂ ಹಸಿರು. ಮಜ್ಜಿಗೆಗೆ ಕೊತ್ತಂಬರಿ ಅರೆದು ಹಾಕಿದ ಹಾಗೆ ಕಾಣುತ್ತಿತ್ತು. "ರಕ್ತದ ಗುರುತು ಹಸರು ಇರ್ತದೇನವಾ? ಅದೂ ಅಲ್ದ, ಎಲ್ಲಿ ಹಿಂಡಿದಿ, ಯಾವ ಭಾಂಡ್ಯಾಗ ಹಿಂಡಿದಿ?" ಎಂದು ಎಲ್ಲರ ಎದುರು ಕೇಳಿದೆ. ಚರಿಗೆಯನ್ನು ಹೊಸ್ತಿಲಾಚೆ ಇಡಿಸಿ ನನ್ನ ಬಾಟಲಿಯ ಬಿರಡೆ ತೆಗೆದೆ. ಮಾರ್ತವ್ವ ಹೋಗಿ ಚಾಪೆಯ ಮೇಲೆ ಕುಳಿತಳು. ಆರಾಧನೆ ಮುಗಿದ ಮೇಲೆ ಚರಿಗೆ ಎತ್ತಿಕೊಂಡು ಹೋದಳು.

ಮುಂದಿನ ಭಾನುವಾರ ಯಾರೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನನಗೆ ಎರಡಕ್ಕೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ ನೋಡಿ. ಸುಗ್ಗಿಯಲ್ಲಿ ಕೂಲಿ ಹೆಚ್ಚು ಸಿಗುತ್ತದೆ, ದೇವರನ್ನು ಮರೆತರು ಎಂದುಕೊಂಡೆ. ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಕಮಿಟಿಯವರ ಮೇಲೆ ಸಿಟ್ಟು, ಅವರ ಗಡುವಿನ ಮೇಲೆ ಸಿಟ್ಟು, ಚಾಪೆಯ ಮೇಲೆ ಕಣ್ಣು ಮುಚ್ಚಿ ಶಾಂತವಾಗಿ ಕೂರುವ ಗಂಡನ ಮೇಲೆ ಇನ್ನೂ ಸಿಟ್ಟು. ಪ್ರಾರ್ಥನೆಯನ್ನೂ ಜಗಳದ ಹಾಗೆ ಮಾಡುತ್ತಿದ್ದೆ. "ಸ್ವಾಮೀ, ನಾನು ನಿನಗಾಗಿ ಮಂಡಿ ನೋವು ಕಟ್ಟಿಕೊಂಡು ಬಸ್ಸು ಹತ್ತುತ್ತೇನೆ. ಇವರಿಗೆ ಬುದ್ಧಿ ಕೊಡು. ಇವರನ್ನು ತಿರುಗಿ ಕರೆದುಕೊಂಡು ಬಾ. ಇಲ್ಲದಿದ್ದರೆ ನನ್ನನ್ನು ಆ ಕಮಿಟಿಯವರ ಎದುರು ಯಾಕೆ ನಿಲ್ಲಿಸಿದೆ?" ಒಂದು ಸಂಜೆ ಸಮುವೇಲಪ್ಪನವರು, "ದೇವರಿಗೂ ಹಾಜರಿ ಹಾಕ್ತಿಯೇನ?" ಎಂದು ನಕ್ಕರು. ಅವತ್ತು ಅವರಿಗೆ ಚಹಾ ಕೊಡಲಿಲ್ಲ.

ಐದನೆಯ ಭಾನುವಾರ ಹನ್ನೊಂದು ಗಂಟೆಯಾದರೂ ಯಾರ ಸುಳಿವಿಲ್ಲ. ಈಸ್ಟರ್‌ಗೆ ಎರಡೇ ವಾರ ಉಳಿದಿತ್ತು. ನಾನು ಹಾಜರಿ ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಎದ್ದೆ. "ನೀವು ಇಲ್ಲೇ ಇರ್ರಿ. ನಾನು ಇವತ್ತ ಆ ಮಾರ್ತವ್ವನ್ನ ಕೇಳೇ ಬಿಡ್ತೀನಿ," ಎಂದೆ.

ಅವಳ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು, "ಅವರೆಲ್ಲಾ ಬಬಲೇಶ್ವರ ಕಡೆ ದ್ರಾಕ್ಷಿ ಪಡಕ್ಕ ಹಣ್ಣು ಕೊಯ್ಯಾಕ ಹೋಗ್ಯಾರಬೇ. ನಸುಕಿನ್ಯಾಗ ಟೆಂಪೊ ಬರ್ತೈತಿ," ಎಂದು ತೋಟದ ಗುರುತು ಹೇಳಿದಳು. ಒಂದು ಜೀಪು ಸಿಕ್ಕಿತು. ಹನ್ನೊಂದು ಜನರ ನಡುವೆ ನನ್ನ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಬಬಲೇಶ್ವರ ಇನ್ನೂ ದೂರವಿರುವಾಗಲೇ ಇಳಿದು, ಬಿಸಿಲಲ್ಲಿ ಮಣ್ಣಿನ ದಾರಿ ಹಿಡಿದು ನಡೆದೆ. ಬಾಯಿ ಒಣಗಿತ್ತು. ಆಡಬೇಕಾದ ಮಾತನ್ನು ಮಾತ್ರ ದಾರಿಯುದ್ದಕ್ಕೂ ಉರು ಹೊಡೆಯುತ್ತಿದ್ದೆ.

ತೋಟದ ಅಂಚಿಗೆ ಬಂದಾಗ ಹಾಡು ಕೇಳಿಸಿತು. ನಾವು ಪ್ರತಿ ಭಾನುವಾರ ಮೊದಲಿಗೆ ಹೇಳುವ ಸ್ತೋತ್ರವೇ. ಬಗ್ಗಿ ಬಳ್ಳಿಯ ಕೆಳಗೆ ನೋಡಿದೆ. ಹಣ್ಣು ತುಂಬಿದ ಕ್ರೇಟುಗಳನ್ನು ಬದಿಗೆ ಸರಿಸಿ, ನೆರಳಲ್ಲಿ ಎಲ್ಲರೂ ವರ್ತುಲವಾಗಿ ಕುಳಿತಿದ್ದರು. ಹೆಣ್ಣುಮಕ್ಕಳು, ಕ್ರೇಟು ಹೊರುವ ನಾಲ್ಕು ಗಂಡಸರು, ಹಾಜರಿ ಪುಸ್ತಕದಲ್ಲಿ ನಾನು ಕೆಂಪು ಗೆರೆ ಎಳೆದ ಅಷ್ಟೂ ಹೆಸರುಗಳು. ಮಧ್ಯದಲ್ಲಿ ರೊಟ್ಟಿಯ ಗಂಟುಗಳು ಇನ್ನೂ ಬಿಚ್ಚಿರಲಿಲ್ಲ. ಹಾಡು ಮುಗಿದು ಮಾರ್ತವ್ವ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಳು.

"ಯಪ್ಪಾ ಯೇಸುಸ್ವಾಮಿ, ಅಕ್ಕಾರಿಗೆ ಬಿಪಿ ಐತಿ, ಗುಳಗಿ ಮರೀದಂಗ ನೋಡ್ಕೊ. ಐದ ವಾರ ಆತು, ಅಕ್ಕಾರು ನಮ್ಮ ಜೋಡಿ ಕುಂತಿಲ್ಲ. ಅವರನ್ನ ಹೊಳ್ಳಿ ಕರಕೊಂಡ ಬಾ."

ನನ್ನ ಪ್ರಾರ್ಥನೆಗೆ ಉತ್ತರ ಸಿಕ್ಕಿತೆಂದು ನಾನು ಆಮೇಲೆ ಹಲವರಿಗೆ ಹೇಳಿದ್ದೇನೆ. ಅದು ಅರ್ಧ ಸುಳ್ಳು. ಆ ಮಧ್ಯಾಹ್ನ ದೇವರು ಕೇಳಿದ್ದು ಮಾರ್ತವ್ವನ ಮಾತನ್ನು. ಅವಳು ಕರೆದುಕೊಂಡು ಬಾ ಅನ್ನುವಾಗ ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಸಭೆ ಒಂದು ವಾರವೂ ತಪ್ಪಿರಲಿಲ್ಲ. ಐದು ವಾರ ಗೈರುಹಾಜರಾದವಳು ನಾನು.

ಆದರೂ ನನ್ನ ಬಾಯಿಂದ ಮೊದಲು ಬಂದದ್ದು ಸಿಟ್ಟೇ. "ಇಲ್ಲಿ ಕುಂತು ಪ್ರಾರ್ಥನಾ ಮಾಡಾಕತ್ತೀರಿ, ಅಲ್ಲಿ ನಾವಿಬ್ಬರು ಗ್ವಾಡಿಗೆ ಹಾಡು ಹೇಳಾಕತ್ತೀವಿ. ಒಂದು ಮಾತು ಹೇಳಬಾರದೇನ?"

ಎಲ್ಲರೂ ತಲೆ ತಗ್ಗಿಸಿದರು. ಮಾರ್ತವ್ವ ಮಾತ್ರ ತಗ್ಗಿಸಲಿಲ್ಲ. "ಕೂಡ್ರಿ ಅಕ್ಕಾರ, ಬಿಸಲಾಗ ಬಂದೀರಿ," ಎಂದು ನೀರು ಕೊಟ್ಟಳು. ನಾನು ಕುಡಿದು ಮುಗಿಸುವ ತನಕ ಕಾದು ಹೇಳಿದಳು. "ಸುಗ್ಗ್ಯಾಗ ಹಣ್ಣು ಐತವಾರ ನೋಡೂದಿಲ್ರಿ. ಹತ್ತ ಗಂಟೆಕ್ಕ ನಮಗ ಆಗೂದಿಲ್ಲ, ಸಂಜಿಕ ಮಾಡೂಣು ಅಂತ ಹೇಳೂದಿತ್ತು. ಆದ್ರ ಆವತ್ತಿಂದ ಮನಸ್ಸಾಗಲಿಲ್ಲ. ನಮ್ಮವ್ವನ ಕಾಲಕ್ಕ ಚಾದಂಗಡ್ಯಾಗ ನಮಗ ಬ್ಯಾರೆ ಕಪ್ಪು ಇಡ್ತಿದ್ರು. ಯಾವ ಭಾಂಡ್ಯಾಗ ಹಿಂಡಿದಿ ಅಂತ ನೀವು ಕೇಳಿದ್ರಿ ನೋಡ್ರಿ, ನನಗ ಆ ಕಪ್ಪು ಕಂಡಂಗಾತು. ಬ್ಯಾರೆ ಕಡೆ ಆಗಿದ್ರ ಸೈ ಅಂತಿದ್ವಿ. ಪ್ರಭುವಿನ ಬಟ್ಟಲದಾಗ ಹಂಗ ಆಗಬಾರದಿತ್ತು."

ನನ್ನ ಅಜ್ಜಿಯೂ ಅದೇ ಬೇರೆ ಕಪ್ಪಿನಲ್ಲಿ ಕುಡಿದವಳು. ಅವಳ ಮಗ ಮಿಷನ್ ಹಾಸ್ಟೆಲ್ಲಿನಲ್ಲಿ ಓದಿದ, ಅವನ ಮಗಳು ಟೀಚರ್ ಆದಳು, ಎರಡೇ ತಲೆಮಾರಿಗೆ ನಾನು ಇನ್ನೊಬ್ಬರ ಪಾತ್ರೆ ಕೇಳುವಷ್ಟು ದೊಡ್ಡವಳಾಗಿದ್ದೆ. ಇಷ್ಟು ವರ್ಷ ಮಕ್ಕಳಿಗೆ ತಪ್ಪು ಒಪ್ಪಿಕೊಳ್ಳುವುದನ್ನು ಕಲಿಸಿದವಳು ಈಗ ತಾನೇ ಒಪ್ಪಿಕೊಳ್ಳಬೇಕಿತ್ತು. ಮಾರ್ತವ್ವನ ಕೈ ಹಿಡಿದುಕೊಂಡು, "ತಪ್ಪಾತವಾ," ಎಂದೆ. ದ್ರಾಕ್ಷಿಯ ಅಂಟಿಗೆ ಇಬ್ಬರ ಕೈಯೂ ಅಂಟಿಕೊಂಡವು. ನನಗೆ ಅಳು ಬಂತು, ಅವಳಿಗೂ ಬಂತು. ರೊಟ್ಟಿ, ಶೇಂಗಾ ಚಟ್ನಿ ಉಂಡು ಅವರ ಟೆಂಪೊದಲ್ಲೇ ತಿಕೋಟಾಕ್ಕೆ ಮರಳಿದೆ. ನನ್ನ ಯಜಮಾನರು ಇನ್ನೂ ಚಾಪೆಯ ಮೇಲೇ ಇದ್ದರು, ಹೊಟ್ಟೆ ಹಸಿದು.

ಈಸ್ಟರ್ ಆರಾಧನೆಯನ್ನು ಸಂಜೆ ಆರಕ್ಕೆ ಇಟ್ಟೆವು. ಹಾಜರಿ ಪುಸ್ತಕ ಒಯ್ಯಲಿಲ್ಲ. ಕೆಲಸದ ಸೀರೆಯಲ್ಲೇ ಬಂದವರು ಕೈಕಾಲು ತೊಳೆದು ಕುಳಿತರು. ಪತ್ರಾಸಿನ ಕೋಣೆ ತುಂಬಿ ಹೊರಗೂ ಜನ. ಪರೀಕ್ಷೆಗೆಂದೇ ವಿಜಯಪುರದಿಂದ ಬಂದಿದ್ದ ಕಮಿಟಿಯ ಹಿರಿಯರು ಬಟ್ಟಲೊಳಗೆ ಇಣುಕಿ, "ಇದೇನ್ರಿ ಅಕ್ಕಾರ, ಹಸರು? ಕೆಂಪು ರಸ ಸಿಗಲಿಲ್ಲೇನು?" ಎಂದರು.

ನನ್ನ ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಕಾಯುತ್ತಿತ್ತು. "ಅಂಗಡ್ಯಾಗ ಸಿಗತೈತ್ರಿ, ಬಣ್ಣದ ನೀರು. ಇದು ಇವರು ಹಿಂಡಿದ್ದು. ಕುಡಿಯೂದಾದ್ರ ಕುಡೀರಿ, ಇಲ್ಲಂದ್ರ ಬಟ್ಟಲಾ ಮುಂದಕ್ಕ ದಾಟಸ್ರಿ, ಕುಡಿಯಾವ್ರು ಭಾಳ ಮಂದಿ ಅದಾರ," ಎಂದೆ. ಹಿರಿಯರು ನನ್ನ ಮುಖ ನೋಡಿದರು, ಮಾರ್ತವ್ವನ ಮುಖ ನೋಡಿದರು, ಆಮೇಲೆ ಕುಡಿದರು. ಗಡುವಿನ ಮಾತು ಮತ್ತೆ ಎತ್ತಲಿಲ್ಲ.

ನನ್ನ ಕರ್ತನಿಗೆ ಸಾವಿರ ಸ್ತೋತ್ರ. ನಾನು ಕೇಳಿದ ಹಾಗೆ ಅವನು ಮಾಡಲಿಲ್ಲ, ಮಾಡದಿದ್ದದ್ದೇ ಅವನ ಕೃಪೆ. ಹೊಸ ಸಭೆ ಶುರು ಮಾಡಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಜನ ಯಾಕೆ ಬರಲಿಲ್ಲ ಎಂದು ಕೇಳುವ ಮೊದಲು ಅವರು ಎಲ್ಲಿ ಕೂಡುತ್ತಾರೆ ಎಂದು ಹೋಗಿ ನೋಡಿ.

ಆ ಸಂಜೆಯ ಕೊನೆಯ ಪ್ರಾರ್ಥನೆಯನ್ನು ಮಾರ್ತವ್ವನಿಗೇ ಬಿಟ್ಟೆವು. ಊರಿಗೆ, ಮಳೆಗೆ, ತೋಟದವರಿಗೆ, ಬಸುರಿಯರಿಗೆ ಎಲ್ಲರಿಗೂ ಬೇಡಿಕೊಂಡು ಕೊನೆಗೆ ನನ್ನ ಹತ್ತಿರ ಬಂದಳು. "ಯಪ್ಪಾ, ಅಕ್ಕಾರ ಸಿಟ್ಟು ತಗೀಬ್ಯಾಡ. ಅದು ನಮಗ ಬೇಕಾಗತೈತಿ. ಯಾರ ಮ್ಯಾಲ ಮಾಡಬೇಕನ್ನೂದಷ್ಟ ಅವರಿಗೆ ತಿಳಿಸಿಕೊಡು."

ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವರು ನನ್ನ ಯಜಮಾನರು.